ಹಾಜಬ್ಬರ ಮೊಳೆ

ಪಾಣೆಮಂಗಳೂರು
2 ಮಾರ್ಚ್ 2025, ಆದಿತ್ಯವಾರ

ಪ್ರಿಯ ಸಾತ್ವಿಕಾ,

ಇಪ್ಪತ್ತು ವರ್ಷದ ಹಿಂದೆ, ಮೂಡುಬಿದಿರೆಯ ಹಾಸ್ಟೆಲಿನಲ್ಲಿ ಸಿವಿಲ್ ಡಿಪ್ಲೊಮಾ ಓದುವಾಗ, ನಾವು ಪಕ್ಕದ ಮಂಚಕ್ಕೂ ಪತ್ರ ಬರೆಯುತ್ತಿದ್ದೆವು, ನೆನಪುಂಟಾ? ವಾರ್ಡನ್‌ಗೆ ಕೇಳಿಸಬಾರದೆಂದು. ಈಗ ಮತ್ತೆ ಅದೇ ಕಾರಣಕ್ಕೆ ಬರೆಯುತ್ತಿದ್ದೇನೆ. ವಾರ್ಡನ್ ಮಾತ್ರ ಬೇರೆ. ನೀನು ಬೆಳ್ತಂಗಡಿಯ ಯೋಜನಾ ಕಛೇರಿಯಲ್ಲಿ ಕುಳಿತು ಮೂರು ತಾಲೂಕಿನ ಜಾಗಗಳ ಹಣೆಬರಹ ಓದುವವಳು. ನಾನು ಪಾಣೆಮಂಗಳೂರಿನಲ್ಲಿ ಊರವರ ಮನೆಗೆ ಪ್ಲಾನ್ ಎಳೆಯುವವಳು, ಸದ್ಯಕ್ಕೆ ಅರ್ಜಿದಾರಳು. ಫೋನ್ ಮಾಡಿದರೆ ದಾಖಲೆ, ವಾಟ್ಸಾಪ್ ಮಾಡಿದರೆ ಸ್ಕ್ರೀನ್‌ಶಾಟ್, ಕಾಗದ ಬರೆದರೆ ಮಾತ್ರ ಸಾಹಿತ್ಯ. ಓದಿ ಒಲೆಗೆ ಹಾಕು.

ವಿಷಯ ಇಷ್ಟು. ನನ್ನ ಅಜ್ಜ ಹಾಜಬ್ಬರು ಎಂಬತ್ತೈದರಲ್ಲಿ ಹೊಳೆಬದಿಯಲ್ಲಿ ಕಟ್ಟಿಸಿದ ಅಡಿಕೆ ಗೋಡೌನು ಹತ್ತು ವರ್ಷದಿಂದ ಖಾಲಿ. ಅದನ್ನು ಶಿಶುವಿಹಾರ ಮಾಡುವ ಅಂತ ನಾನೂ ನಾದಿನಿ ಶಮ್ನಾಳೂ ಹೊರಟಿದ್ದೇವೆ. ನಮ್ಮ ಕೇರಿಯ ಪುಟ್ಟ ಮಕ್ಕಳು ಈಗ ಹೆದ್ದಾರಿ ದಾಟಿ ಹೋಗಬೇಕು. ನನ್ನ ಶಹಲಾಳಿಗೆ ನಾಲ್ಕು ತುಂಬಿತು. ಟ್ಯಾಂಕರ್ ಲಾರಿಯ ಹಾರ್ನ್ ಕೇಳಿದರೆ ರಸ್ತೆಯ ನಡುವೆಯೇ ಕಿವಿ ಮುಚ್ಚಿ ನಿಂತುಬಿಡುತ್ತಾಳೆ. ನಿಂತದ್ದನ್ನು ಎರಡು ಸಲ ಕಂಡೆ. ಮೂರನೆಯ ಸಲ ಕಾಣಲು ನನಗೆ ಧೈರ್ಯ ಇಲ್ಲ.

ಗೋಡೌನು ಶಾಲೆಯಾಗಲು ನೆಲಬಳಕೆ ಬದಲಾವಣೆಯ ಅನುಮತಿ ಬೇಕಷ್ಟೆ. ಅರ್ಜಿ ಹಾಕಿದೆ, ನಿಮ್ಮ ಕಛೇರಿಯಿಂದ ಷರಾ ಹೊತ್ತು ವಾಪಸು ಬಂತು: "ರಾಷ್ಟ್ರೀಯ ಮಾನದಂಡದಂತೆ ನದಿಬದಿಯ ಶಾಲೆಯ ನೆಲವು ಸ್ಥಳದ ಗರಿಷ್ಠ ನೆರೆಮಟ್ಟಕ್ಕಿಂತ ಒಂದೂವರೆ ಅಡಿ ಮೇಲಿರತಕ್ಕದ್ದು. ನೆರೆಮಟ್ಟಕ್ಕೆ ಆಧಾರ ಒದಗಿಸಿ." ಮಾನದಂಡ ಎಂದರೆ ಮಾನ ನಮ್ಮದು, ದಂಡ ನಿಮ್ಮದು ಅಂತ ಅಷ್ಟರಲ್ಲೇ ಅರ್ಥವಾಯಿತು.

ಆದರೆ ಆಧಾರ ನಮ್ಮ ಮನೆಬಾಗಿಲಲ್ಲೇ ಉಂಟು ಮಾರಾಯ್ತಿ! ಎಪ್ಪತ್ತನಾಲ್ಕರ ದೊಡ್ಡ ನೆರೆಯಲ್ಲಿ ನೀರು ಬಂದು ನಿಂತ ಮಟ್ಟಕ್ಕೆ ಅಜ್ಜ ಬಾಗಿಲಿನ ದಾರಂದಕ್ಕೆ, ಅಂದರೆ ಚೌಕಟ್ಟಿಗೆ, ಒಂದು ತಾಮ್ರದ ಮೊಳೆ ಹೊಡೆದರು. ಊರಿಗೆ ಅದು "ಹಾಜಬ್ಬರ ಮೊಳೆ". ಆಟಿ ತಿಂಗಳ ಮಳೆಗೆ ಹೊಳೆ ಕೆಂಪಾದರೆ ಜನ ಅಂಗಳಕ್ಕೆ ಬಂದು "ಮೊಳೆಗೆ ಇನ್ನೆಷ್ಟು ಉಂಟು?" ಅಂತ ಕೇಳಿ, ಉತ್ತರ ಕೇಳಿ, ನೆಮ್ಮದಿಯಲ್ಲಿ ಹೋಗಿ ಮಲಗುತ್ತಾರೆ. ಎರಡು ಸಾವಿರದ ಹತ್ತೊಂಬತ್ತರ ನೆರೆಯಲ್ಲೂ ನೀರು ಹೊಸ್ತಿಲು ಮುಟ್ಟಿ ಹಿಂದೆ ಹೋಯಿತು. ಮೊಳೆಗೆ ಮೂರು ಅಡಿ ಬಾಕಿ ಇತ್ತು. ಮೇಸ್ತ್ರಿಗಳ ಹಾಗೆ ನೀರು ತುಂಬಿದ ಪೈಪು ಹಿಡಿದು ನಾನೇ ಮಟ್ಟ ನೋಡಿದೆ. ಗೋಡೌನಿನ ನೆಲ ಮೊಳೆಗಿಂತ ಸರಿಯಾಗಿ ಒಂದೂವರೆ ಅಡಿ ಮೇಲೆ. ಅಜ್ಜ ಲಾರಿಗೆ ಮೂಟೆ ಹೇರಲು ಎತ್ತರಿಸಿದ್ದು; ದೆಹಲಿಯ ಮನಸ್ಸು ಅವರಿಗೆ ಹೇಗೆ ಗೊತ್ತಾಯಿತೋ!

ಜೂನ್ ಎರಡಕ್ಕೆ ಶಾಲೆ ಶುರುವಾಗಬೇಕು. ಮೂವತ್ತೊಂದು ಮಕ್ಕಳು ಹೆಸರು ಕೊಟ್ಟಾಗಿದೆ. ಹೆಚ್ಚೆಂದರೆ ಏನಾದೀತು, ಶಿಶುವಿಹಾರ ಒಂದು ದಿನ ಜಲವಿಹಾರ ಆದೀತು.

ಇಂದು ಉಪವಾಸದ ಮೊದಲ ದಿನ. ಹೊಟ್ಟೆ ಖಾಲಿ ಇದ್ದಾಗ ನಾಲಿಗೆ ಉದ್ದವಾಗುತ್ತದೆ, ಕ್ಷಮಿಸು.

ನಿನ್ನ
ರಶೀನಾ


ಬೆಳ್ತಂಗಡಿ
9 ಮಾರ್ಚ್

ರಶೀ,

ನನ್ನಲ್ಲಿರುವುದು ಗ್ಯಾಸ್ ಸ್ಟವ್. ಹಾಗಾಗಿ ನಿನ್ನ ಸಾಹಿತ್ಯ ಟ್ರಂಕಿನಲ್ಲಿ ಉಂಟು.

ನಿನ್ನ ಕಡತ ನನ್ನ ಮೇಜಿಗೇ ಬಂದಿದೆ. "ಅರ್ಜಿದಾರಳು ನನ್ನ ಗೆಳತಿ" ಎಂದು ಬರೆದು ಅದನ್ನು ಬೇರೆಯವರಿಗೆ ದಾಟಿಸಬೇಕಿತ್ತು. ಬೇರೆಯವರು ಹೆರಿಗೆ ರಜೆಯಲ್ಲಿದ್ದಾರೆ. ಬರೆಯಲಿಲ್ಲ. ಇದು ನನಗೆ ಅಷ್ಟು ಸರಿ ಕಾಣುವುದಿಲ್ಲ, ಆದರೂ ಬರೆಯಲಿಲ್ಲ.

ಮಾನದಂಡದ ಬಗ್ಗೆ ನೀನು ಎಷ್ಟು ಬೇಕಾದರೂ ನಗು. ಅದನ್ನು ಬರೆದವರು ನೇತ್ರಾವತಿಯನ್ನು ಕಂಡವರಲ್ಲ, ನಿಜ. ಅದಕ್ಕೇ ಅವರು ಒಂದು ಮಾತು ಸೇರಿಸಿದ್ದಾರೆ: ನೀರಿನ ಮಟ್ಟದ ಸರಕಾರಿ ದಾಖಲೆ ಹತ್ತಿರದಲ್ಲಿ ಇಲ್ಲದಿದ್ದರೆ ಊರಿನಲ್ಲಿರುವ ನೆರೆಗುರುತನ್ನು ಪರಿಶೀಲಿಸಿ ಒಪ್ಪಬಹುದು. ಆ "ಪರಿಶೀಲಿಸಿ" ಎಂಬ ಪದ ನಾನು. ಕಳೆದ ವಾರ ಒಬ್ಬರು ಎಪ್ಪತ್ತನಾಲ್ಕರ ನೆರೆಯ ಗೆರೆ ಅಂತ ಗೋಡೆಯ ಫೋಟೋ ತಂದರು. ಗೆರೆಯ ಪೇಂಟ್ ಇನ್ನೂ ಒಣಗಿರಲಿಲ್ಲ.

ಹಾಗಾಗಿ ನನಗೆ ಬೇಕಾದದ್ದು ಒಂದೇ. ಹೊಡೆದ ದಿನದಿಂದ ಇಂದಿನವರೆಗೆ ಆ ಗುರುತು ಅಲ್ಲಾಡಿಲ್ಲ ಎಂದು, ಕಣ್ಣಾರೆ ಕಂಡವರ ಹೇಳಿಕೆ. ನಿನ್ನ ಉಮ್ಮ ಐಸಮ್ಮ ಎಪ್ಪತ್ತನಾಲ್ಕರಲ್ಲಿ ಆ ಮನೆಗೆ ಮದುವೆಯಾಗಿ ಬಂದಾಗಿತ್ತಲ್ಲ? ಅವರನ್ನು ಕೇಳು. ಸರಿಯಾಗಿ ಕೇಳು.

ಮಾನದಂಡ ದೆಹಲಿಯದು, ಅಳತೆ ಊರಿನದು. ಊರು ತಪ್ಪು ಅಳತೆ ಕೊಟ್ಟರೆ ದೆಹಲಿಗೆ ಗೊತ್ತಾಗುವುದಿಲ್ಲ. ಹೊಳೆಗೆ ಗೊತ್ತಾಗುತ್ತದೆ. ಹತ್ತೊಂಬತ್ತರ ಆಗಸ್ಟಿನಲ್ಲಿ ಇಲ್ಲಿನ ಸೇತುವೆಗೆ ಮರದ ದಿಮ್ಮಿಗಳು ಬಂದು ಬಡಿಯುವ ಸದ್ದು ಕೇಳಿದ್ದೇನೆ. ಜಲವಿಹಾರ ಎಂಬ ಪದ ನನಗೆ ಹಿಡಿಸಲಿಲ್ಲ.

ಸಾತ್ವಿಕಾ


ಪಾಣೆಮಂಗಳೂರು
16 ಮಾರ್ಚ್

ಪರಿಶೀಲನಾ ದೇವತೆಗೆ ನಮನಗಳು.

ಉಮ್ಮನನ್ನು ನ್ಯಾಯಾಲಯದಲ್ಲಿ ಕೇಳುವ ಹಾಗೆ ಕೇಳಿದೆ. ಅವಳು ಇಫ್ತಾರಿಗೆ ಅಕ್ಕಿರೊಟ್ಟಿ, ನಮ್ಮ ಪತ್ತಿರ್, ತಟ್ಟುತ್ತಿದ್ದಳು.

"ಉಮ್ಮ, ಅಜ್ಜನ ಮೊಳೆ ಯಾವತ್ತಾದರೂ ಅಲ್ಲಾಡಿದ್ದುಂಟಾ?"

"ಯಾ ಅಲ್ಲಾಹ್! ಅದನ್ನು ಮುಟ್ಟಲಿಕ್ಕೆ ಯಾರಿಗೆ ಧೈರ್ಯ? ನಿನ್ನ ಅಜ್ಜ ಪೇಂಟಿನವನಿಗೂ ಮುಟ್ಟಲಿಕ್ಕೆ ಬಿಟ್ಟವರಲ್ಲ."

"ಬಾಗಿಲು ಆಗಿನದ್ದೇ?"

"ಅದೇ ಬಾಗಿಲು, ಅದೇ ಹಲಸಿನ ಮರ. ನಾನು ಮದುಮಗಳಾಗಿ ಬಲಗಾಲಿಟ್ಟು ಒಳಗೆ ಬಂದದ್ದು ಅದರಲ್ಲೇ. ಈಗ ಯಾಕೆ ಇದೆಲ್ಲ? ಮಾರ್ತೀಯಾ ಹೇಗೆ?"

ಬರೆದುಕೊಂಡೆ, ಓದಿ ಹೇಳಿದೆ, ಹಿಟ್ಟಿನ ಕೈ ತೊಳೆಸಿ ಸಹಿ ಹಾಕಿಸಿದೆ. ಕಾಗದದ ಮೂಲೆಯಲ್ಲಿ ಸ್ವಲ್ಪ ಅಕ್ಕಿಹಿಟ್ಟು ಉಂಟು. ಅದನ್ನೂ ಪರಿಶೀಲಿಸಿ ಒಪ್ಪಬಹುದು. ಮೊಳೆ ಗಟ್ಟಿ, ಸಾಕ್ಷಿ ಗಟ್ಟಿ, ಇನ್ನು ನೀನು ಮಾತ್ರ ಮೆತ್ತಗಾಗಬೇಕು.

ರಶೀನಾ


ಬೆಳ್ತಂಗಡಿ
17 ಏಪ್ರಿಲ್

ರಶೀ,

ಅನುಮತಿ ಆಗಿದೆ. ಆದೇಶ ಅಂಚೆಯಲ್ಲಿ ಬರುತ್ತದೆ, ಈ ಪತ್ರ ಅದಕ್ಕಿಂತ ಮೊದಲು ತಲುಪಲಿ ಅಂತ ಬರೆದೆ.

ಸ್ಥಳ ಪರಿಶೀಲನೆಗೆ ಬಂದ ದಿನ ನೀನು ನನಗೆ "ಕುಳಿತುಕೊಳ್ಳಿ ಮೇಡಂ" ಎಂದಾಗ ನಗು ತಡೆಯಲು ನೆಲ ನೋಡಿದೆ. ಪಕ್ಕದಲ್ಲಿದ್ದ ನಮ್ಮ ಸಾಹೇಬರು, ನಾನು ಬಹಳ ಶ್ರದ್ಧೆಯಿಂದ ಹೊಸ್ತಿಲು ಪರೀಕ್ಷಿಸುತ್ತಿದ್ದೇನೆ ಎಂದುಕೊಂಡರು. ನಿಜ ಹೇಳುವುದಾದರೆ ಹೊಸ್ತಿಲಿನ ಕೆಳಗಿನ ಕಲ್ಲು ಬಾಗಿಲಿನಷ್ಟು ಹಳೆಯದಾಗಿ ಕಾಣಲಿಲ್ಲ. ಕೇಳಬೇಕು ಅಂದುಕೊಂಡೆ, ಅಷ್ಟರಲ್ಲಿ ಐಸಮ್ಮ ಶರಬತ್ತು ತಂದರು, ಮರೆತೆ.

ಇರಲಿ. ಮೊಳೆಯ ಮಟ್ಟ, ನೆಲದ ಮಟ್ಟ, ನಿನ್ನ ಪ್ರಮಾಣಪತ್ರ, ಐಸಮ್ಮನ ಹೇಳಿಕೆ, ಕೆಳಗೆ ನನ್ನ ಸಹಿ. ನನ್ನ ಕೆಲಸದಲ್ಲಿ ಇಷ್ಟು ಸಂತೋಷದಿಂದ ಹಾಕಿದ ಸಹಿ ಇನ್ನೊಂದಿಲ್ಲ. ಶಾಲೆ ಶುರುವಾಗುವ ದಿನ ನಾನು ಬರುತ್ತೇನೆ. ಅರ್ಜಿ ಮುಗಿಯಿತಲ್ಲ, ಇನ್ನು ನಾನು ನಿನ್ನ ಮೇಡಂ ಅಲ್ಲ.

ಸಾತ್ವಿಕಾ


ಪಾಣೆಮಂಗಳೂರು
20 ಮೇ

ಪ್ರಿಯ ಸಾತ್ವಿಕಾ,

ತಿಂಗಳಾಯಿತು ಬರೆಯದೆ, ಕೆಲಸ. ಗೋಡೆಗೆ ಹಳದಿ ಬಣ್ಣ ಆಯಿತು. ಊರಿನ ಹಳೆಯ ಬಡಗಿ ಅಣ್ಣು ಆಚಾರ್ರು ಬಂದು ಬಾಗಿಲು ಕೂಡಿಸಿಕೊಟ್ಟರು. ಎಂಬತ್ತರ ಹತ್ತಿರ ಪ್ರಾಯ, ಕೈ ಇನ್ನೂ ಗಟ್ಟಿ, ನೆನಪು ಅದಕ್ಕಿಂತ ಗಟ್ಟಿ.

ಶಾಲೆ ಶುರುವಾಗುವ ದಿನ ನೀನು ಬರುವುದು ಬೇಡ. ಯಾರಾದರೂ ನೋಡಿದರೆ ನಿನಗೇ ತೊಂದರೆ.

ಒಂದು ಪ್ರಶ್ನೆ, ಮಕ್ಕಳ ಪಾಠಕ್ಕೆ ಬೇಕು. ನೀನು ದಿನಾ ದಾಟುವ ನೇತ್ರಾವತಿಯ ಸೇತುವೆಯಲ್ಲಿ ನೀರು ಏರಿದರೆ ನಮ್ಮಲ್ಲಿಗೆ ಬರಲು ಎಷ್ಟು ಹೊತ್ತು?

ರಶೀನಾ


ಬೆಳ್ತಂಗಡಿ
27 ಮೇ

ರಶೀನಾ,

ಬೇಡ ಅಂದರೆ ಬೇಡ. ಸಹಿ ಬೇಕಿದ್ದಾಗ ಗೆಳತಿ, ಸಹಿ ಬಿದ್ದ ಮೇಲೆ ತೊಂದರೆ. ಅರ್ಜಿದಾರರೆಲ್ಲ ಹೀಗೆಯೇ, ನೀನು ಬೇರೆ ಅಂದುಕೊಂಡಿದ್ದೆ. ಇರಲಿ.

ನಿನ್ನ ಪಾಠಕ್ಕೆ: ಇಲ್ಲಿನ ಹಿರಿಯರು ಏಳೆಂಟು ಗಂಟೆ ಎನ್ನುತ್ತಾರೆ. ಬಸ್ಸಿಗೆ ಒಂದೂವರೆ ಗಂಟೆ. ಅಂಚೆಗೆ ಮೂರು ದಿನ. ಮಕ್ಕಳಿಗೆ ಹೇಳು, ಮೂರರಲ್ಲಿ ನಿಧಾನವಾದದ್ದು ಸರಕಾರ.

ಸಾತ್ವಿಕಾ


ಪಾಣೆಮಂಗಳೂರು
18 ಜೂನ್

ಸಾತ್ವಿಕಾ,

ಸಿಟ್ಟಾಗಬೇಡ ಮಾರಾಯ್ತಿ. ನಿನ್ನ ಮೇಲೆ ಏನೂ ಇಲ್ಲ. ಸಿಟ್ಟು ಮಾಡಿಕೊಳ್ಳುವ ಹಕ್ಕೂ ನನಗಿಲ್ಲ.

ಶಾಲೆ ನಡೆಯುತ್ತಿದೆ. ಮೂವತ್ತೊಂದು ಮಕ್ಕಳು, ಮೂವತ್ತೊಂದು ಕೊಡೆ, ಮೂಗು ಒರೆಸಲು ಎರಡೇ ಕೈ. ನಾನು ಒಂದು ಆಟ ಕಂಡುಹಿಡಿದಿದ್ದೇನೆ, "ಗುಡ್ಡೆ ಹತ್ತುವ ಆಟ". ದಿನಾ ಹತ್ತೂಕಾಲಿಗೆ ಗಂಟೆ ಹೊಡೆಯುತ್ತೇನೆ. ಮಕ್ಕಳು ಒಂದು ಉದ್ದ ಹಗ್ಗ ಹಿಡಿದು, ಹಿಂದಿನ ಬಾಗಿಲಿನಿಂದ ಹೊರಟು, ಗುಡ್ಡೆಯ ಮೇಲಿರುವ ಜಲಜಾಕ್ಷಿ ಟೀಚರ ಜಗಲಿಗೆ ಹತ್ತಿ ಕುಳಿತುಕೊಳ್ಳಬೇಕು. ಟೀಚರು ನಿವೃತ್ತರು, ಒಬ್ಬರೇ, ಬೆಲ್ಲದ ಚೂರು ಕೊಡುತ್ತಾರೆ. ಮೊದಲ ದಿನ ಒಂಬತ್ತು ನಿಮಿಷ. ಈಗ ನಾಲ್ಕು ನಿಮಿಷ ಇಪ್ಪತ್ತು ಸೆಕೆಂಡು. ಯಾವಾಗಲೂ ಕೊನೆಯವಳು ನನ್ನ ಶಹಲಾ. ಚಪ್ಪಲಿ ಕಳಚಿದರೆ ಹೆಕ್ಕದೆ ಮುಂದೆ ಹೋಗಲಾರಳು.

ನಾನು ಬೆಳಿಗ್ಗೆ ಎದ್ದು ಮೊದಲು ಹೊಳೆ ನೋಡುತ್ತೇನೆ. ಆಮೇಲೆ ಮೊಳೆ ನೋಡುತ್ತೇನೆ. ಆಮೇಲೆ ಮಗಳನ್ನು ನೋಡುತ್ತೇನೆ. ನೆರೆಹೊರೆ ಎಂಬ ಪದದಲ್ಲಿ ನೆರೆ ಯಾಕೆ ಮೊದಲು ಬರುತ್ತದೋ. ಹಿಂದೆ ಇಂಥದ್ದು ಹೇಳಿದರೆ ನಾನೇ ಮೊದಲು ನಗುತ್ತಿದ್ದೆ.

ರಶೀನಾ


ಬೆಳ್ತಂಗಡಿ
26 ಜೂನ್

ರಶೀ,

ಸಿಟ್ಟು ಇಳಿಯಿತು. ನಿನ್ನ ಆಟವನ್ನು ನಮ್ಮ ಸಾಹೇಬರಿಗೆ ಹೇಳಿದೆ, ಯಾರಿಂದ ಕೇಳಿದ್ದು ಅಂತ ಹೇಳದೆ. ಮಕ್ಕಳಿಗೆ ವ್ಯಾಯಾಮವೂ ಆಯಿತು, ಶಿಸ್ತೂ ಆಯಿತು ಅಂತ ಬಹಳ ಮೆಚ್ಚಿದರು. ಮೂರು ತಾಲೂಕಿನ ಶಿಶುವಿಹಾರಗಳಿಗೂ ಶಿಫಾರಸು ಮಾಡುವ ಎಂದರು. ಬೆಳುವಾಯಿಯಲ್ಲಿ ನನ್ನ ತಂಗಿ ಸುರಕ್ಷಾಳ ಮಗನೂ ಆಡಬಹುದು, ಅಲ್ಲಿ ಹತ್ತಲು ಗುಡ್ಡೆ ಹುಡುಕಬೇಕಷ್ಟೆ.

ಇಷ್ಟು ಬರೆದು ಲಕೋಟೆ ಅಂಟಿಸಲು ಹೋದವಳು ನಿನ್ನ ಪತ್ರವನ್ನು ಇನ್ನೊಮ್ಮೆ ಓದಿದೆ. ಮಕ್ಕಳ ಆಟಕ್ಕೆ ಸೆಕೆಂಡಿನ ಲೆಕ್ಕ ಯಾರು ಇಡುತ್ತಾರೆ? ನೀರು ಬರಲು ಎಷ್ಟು ಹೊತ್ತು ಅಂತ ಕೇಳಿದ್ದು ನಿಜವಾಗಿ ಪಾಠಕ್ಕಾ?

ರಶೀ, ಆ ಹೊಸ್ತಿಲಿನ ಕಲ್ಲು ಯಾವಾಗಿನದು?

ಸಾತ್ವಿಕಾ


ಪಾಣೆಮಂಗಳೂರು
6 ಜುಲೈ, ಆದಿತ್ಯವಾರ

ಸಾತ್ವಿಕಾ,

ಕಲ್ಲು ತೊಂಬತ್ತಮೂರರದು. ನಿನ್ನ ಪತ್ರ ಬಂದು ಆರು ದಿನ ಆಯಿತು. ಮೂರು ಸಲ ಬರೆದು ಹರಿದೆ. ಇದನ್ನು ಹರಿಯುವುದಿಲ್ಲ.

ಮೇ ಹದಿನಾಲ್ಕರಂದು ಅಣ್ಣು ಆಚಾರ್ರು ಶಾಲೆಯ ಬಾಗಿಲು ಕೂಡಿಸಿ, ನಮ್ಮ ಜಗಲಿಯಲ್ಲಿ ಚಾ ಕುಡಿಯುತ್ತಾ ಕುಳಿತಿದ್ದರು. ಮೊಳೆ ನೋಡಿ ನಕ್ಕರು.

"ಐಸಮ್ಮಕ್ಕ, ಈ ದಾರಂದ ಕೆಳಗೆ ಇಳಿಸಿದ್ದು ನಾನೇ ಅಲ್ವಾ? ಹಳೇ ಮನೆ ಬಿಚ್ಚಿ ಇದನ್ನು ಕಟ್ಟುವಾಗ. ಹಾಜಬ್ಬ ಸಾಹುಕಾರ್ರಿಗೆ ಮೊಣಕಾಲು ನೋವು, ಏಳು ಮೆಟ್ಟಿಲು ಹತ್ತಲಿಕ್ಕೆ ಆಗುದಿಲ್ಲ ಅಂತ."

"ಹೌದು ಆಚಾರ್ರೆ. ಹಳೇ ಮನೆ ಅಂದ್ರೆ ಎಷ್ಟು ಎತ್ತರ! ತುಂಬಿದ ಕೊಡಪಾನ ಹೊತ್ತು ಹತ್ತುವಾಗ ನನ್ನ ಉಸಿರು ಹೋಗ್ತಿತ್ತು."

ನಾನು ಕೇಳಿದೆ, "ಈಗ ಇರುವುದು ಒಂದೇ ಮೆಟ್ಟಿಲು ಅಲ್ವಾ?"

"ಬಾಕಿ ಆರು ತೆಗೆದದ್ದು ಮಗಾ. ಅದೇ ಜಾಗ, ನೆಲ ಮಾತ್ರ ತಗ್ಗಿಸಿದ್ದು. ಸಾಹುಕಾರ್ರು ಹೇಳಿದ್ರು, 'ಆಚಾರಿ, ಬಾಗಿಲು ಬದಲಿಸ್ಬೇಡ, ಅದರಲ್ಲಿ ಮೊಳೆ ಉಂಟು' ಅಂತ. ಮೊಳೆಗೆ ಪೆಟ್ಟಾಗದ ಹಾಗೆ ಗೋಣಿ ಸುತ್ತಿ ಇಳಿಸಿದ್ದೇನೆ ನಾನು!"

ಎಷ್ಟು ಹೆಮ್ಮೆಯಿಂದ ಹೇಳಿದರು ಗೊತ್ತಾ. ಮೊಳೆ ಅಲ್ಲಾಡಿಲ್ಲ ಸಾತ್ವಿಕಾ. ಮೊಳೆಯನ್ನು ಹೊತ್ತ ಬಾಗಿಲೇ ಆರು ಮೆಟ್ಟಿಲು ಇಳಿದಿದೆ. ಉಮ್ಮ ಸುಳ್ಳು ಹೇಳಲಿಲ್ಲ. ನಾನು ಮೊಳೆಯನ್ನು ಕೇಳಿದೆ, ಬಾಗಿಲನ್ನು ಕೇಳಿದೆ, ಮನೆಯನ್ನು ಕೇಳಲೇ ಇಲ್ಲ. ತೊಂಬತ್ತಮೂರರಲ್ಲಿ ನನಗೆ ಆರು ವರ್ಷ. ನನಗೆ ನೆನಪಿರುವುದು ಹೊಸ ಮನೆಯ ಪೇಂಟಿನ ವಾಸನೆ ಮಾತ್ರ.

ಹಳೆಯ ಮುರಕಲ್ಲಿನ ಮೆಟ್ಟಿಲು, ಒಂದಕ್ಕೆ ಒಂಬತ್ತು ಇಂಚು. ಆರಕ್ಕೆ ನಾಲ್ಕೂವರೆ ಅಡಿ. ಅಂದರೆ ಎಪ್ಪತ್ತನಾಲ್ಕರ ನೀರು ನಿಂತದ್ದು ಈಗಿನ ಮೊಳೆಗಿಂತ ನಾಲ್ಕೂವರೆ ಅಡಿ ಮೇಲೆ. ಶಾಲೆಯ ನೆಲ ಮೊಳೆಗಿಂತ ಒಂದೂವರೆ ಅಡಿ ಮೇಲೆ. ಆ ನೀರು ಮತ್ತೆ ಬಂದರೆ ತರಗತಿಯೊಳಗೆ ಮೂರು ಅಡಿ. ಶಹಲಾಳ ಎತ್ತರ ಮೂರು ಅಡಿ ಮೂರು ಇಂಚು. ಕಾಣುವುದು ಅವಳ ಜುಟ್ಟು ಮಾತ್ರ. ಜಲವಿಹಾರ ಅಂತ ಬರೆದಿದ್ದೆನಲ್ಲ, ಆ ಪದವನ್ನು ನಾನು ವಾಪಸು ತೆಗೆದುಕೊಂಡೆ ಅಂತ ಎಲ್ಲಾದರೂ ಬರೆದಿಡು.

ಯಾಕೆ ಹೇಳಲಿಲ್ಲ? ಹೆದರಿಕೆ. ಹೇಳಿದರೆ ಅನುಮತಿ ಹೋಗುತ್ತದೆ, ಮಕ್ಕಳು ಮತ್ತೆ ಹೆದ್ದಾರಿಗೆ. ಹೇಳಿದರೆ ನಿನ್ನ ಸಹಿ, ನಿನ್ನ ಕೆಲಸ. ಐವತ್ತು ವರ್ಷದಿಂದ ಬಾರದ ನೀರು ಈ ವರ್ಷವೇ ಬರುತ್ತದಾ ಅಂತ ಹಗಲು ಹೇಳಿಕೊಳ್ಳುತ್ತೇನೆ. ಸೋಮವಾರದಿಂದ ಮುಚ್ಚುವ ಅಂತ ಪ್ರತಿ ಆದಿತ್ಯವಾರ ಹೇಳಿಕೊಳ್ಳುತ್ತೇನೆ. ಸೋಮವಾರ ಮಕ್ಕಳು ಬರುತ್ತಾರೆ, ನಾನು ಬಾಗಿಲು ತೆರೆಯುತ್ತೇನೆ.

ಮೊನ್ನೆ ನೀರು ಸ್ವಲ್ಪ ಏರಿತ್ತು. ಪಕ್ಕದ ಮನೆಯ ಶರೀಫಾಕ ಬಂದು ಅಂಗಳದಲ್ಲಿ ನಿಂತು "ಮೊಳೆಗೆ ಇನ್ನೆಷ್ಟು ಉಂಟು ರಶೀನಾ?" ಅಂದರು. "ತುಂಬಾ ಉಂಟು" ಅಂದೆ. ನೆಮ್ಮದಿಯಲ್ಲಿ ಹೋದರು. ನಾನು ಸುಳ್ಳು ಹೇಳುತ್ತಿರುವುದು ನಿನಗೊಬ್ಬಳಿಗಲ್ಲ, ಇಡೀ ಕೇರಿಗೆ.

ಏನು ಮಾಡಲಿ, ಹೇಳು.

ರಶೀನಾ


ಬೆಳ್ತಂಗಡಿ
15 ಜುಲೈ, ಮಂಗಳವಾರ, ಬೆಳಿಗ್ಗೆ 9.40

ರಶೀ,

ಶಾಲೆ ಈಗಲೇ ಬಿಡು. ಮೊದಲು ಮಕ್ಕಳನ್ನು ಹತ್ತಿಸು, ಆಮೇಲೆ ಉಳಿದದ್ದು ಓದು.

ಘಟ್ಟದಲ್ಲಿ ನಿನ್ನೆಯಿಂದ ಮಳೆ ನಿಂತಿಲ್ಲ. ನಿಮ್ಮಲ್ಲಿ ಬಿಸಿಲಂತೆ, ಅದಕ್ಕೇ ಇವತ್ತು ಜಿಲ್ಲೆಗೆ ರಜೆ ಕೊಟ್ಟಿಲ್ಲ. ನಾನು ಈಗ ಸೇತುವೆಯ ಬಳಿ ನಿಂತು ಬರೆಯುತ್ತಿದ್ದೇನೆ. ಬೆಳಿಗ್ಗೆ ಆರಕ್ಕೆ ಕಂಬದ ಅರ್ಧಕ್ಕಿದ್ದ ನೀರು ಈಗ ಸೇತುವೆಯ ಅಡಿಗೆ ತಾಗುತ್ತಿದೆ. ದಿಮ್ಮಿಗಳು ಬರಲು ಶುರುವಾಗಿವೆ. ಅದೇ ಸದ್ದು.

ಫೋನ್ ಮಾಡಿದೆ, ನೀನು ಎತ್ತಲಿಲ್ಲ. ಶಮ್ನಾಳ ನಂಬರು ನನ್ನಲ್ಲಿಲ್ಲ. ಅಂಚೆಗೆ ಮೂರು ದಿನ. ಬಿ.ಸಿ.ರೋಡಿನ ಬಸ್ಸು ಈಗ ಹೊರಡುತ್ತದೆ. ಮದ್ದು, ಬೀಡಿ ಎಲೆ, ಮದುವೆ ಕಾಗದ ಎಲ್ಲ ತಲುಪಿಸುವ ಕಂಡಕ್ಟರ್ ಅಬ್ಬಾಸ್‌ನ ಕೈಯಲ್ಲಿ ಇದನ್ನು ಕೊಡುತ್ತಿದ್ದೇನೆ. ಬಸ್ಸು ನೀರಿಗಿಂತ ವೇಗ ಅಂತ ನಾನೇ ಬರೆದಿದ್ದೆ.

ನಿನ್ನ ಪತ್ರ ಒಂಬತ್ತನೇ ತಾರೀಕಿಗೆ ಸಿಕ್ಕಿತು. ಹತ್ತನೇ ತಾರೀಕು ನನ್ನ ಮೇಲೆ ನಾನೇ ಹೇಳಿಕೆ ಬರೆದು ಕೊಟ್ಟೆ: ಮಟ್ಟ ತಪ್ಪು, ಅರ್ಜಿದಾರಳು ನನ್ನ ಗೆಳತಿ, ಅನುಮತಿ ತಡೆಹಿಡಿಯಬೇಕು. ಸಾಹೇಬರು ಪ್ರವಾಸದಲ್ಲಿದ್ದಾರೆ, ಹೇಳಿಕೆ ಅವರ ಮೇಜಿನಲ್ಲಿ ಉಂಟು. ನಾನೇ ಅಂದೇ ಬಸ್ಸು ಹತ್ತಿ ಬರಬೇಕಿತ್ತು. ನಿನ್ನ ಮುಖ ನೋಡಲು ಹೆದರಿದೆ. ನೀನು ಹೆದರಿದ್ದಕ್ಕಿಂತ ಇದು ದೊಡ್ಡ ತಪ್ಪು, ನನಗೆ ಗೊತ್ತುಂಟು.

ಐಸಮ್ಮನನ್ನೂ ಹತ್ತಿಸು. ಯಾರಾದರೂ ಮೊಳೆ ಕೇಳಿದರೆ ನಿಜ ಹೇಳು.

ಬಸ್ಸು ಬಂತು.


ಪಾಣೆಮಂಗಳೂರು, ಜಲಜಾಕ್ಷಿ ಟೀಚರ ಮನೆ
20 ಜುಲೈ, ಆದಿತ್ಯವಾರ

ಪ್ರಿಯ ಸಾತ್ವಿಕಾ,

ಮೊದಲು ಇದನ್ನು ಓದು: ಎಲ್ಲರೂ ಇದ್ದಾರೆ. ಮೂವತ್ತೊಂದೂ.

ಹನ್ನೊಂದು ಸಲ ಫೋನಿನಲ್ಲಿ ನಿನ್ನ ಹೆಸರು ಬೆಳಗಿತು. ಬೈಯಲು ಎಂದುಕೊಂಡು ಮಗುಚಿ ಇಟ್ಟೆ. ಹನ್ನೊಂದೂವರೆಗೆ ಅಬ್ಬಾಸ್ ಶಾಲೆಯ ಗೇಟಿನಲ್ಲಿದ್ದ, ಬಿ.ಸಿ.ರೋಡಿನಿಂದ ಆಟೋ ಮಾಡಿಕೊಂಡು ಬಂದಿದ್ದ. "ರಶೀನಕ್ಕಾ, ಬೆಳ್ತಂಗಡಿ ಮೇಡಂ ಕೊಟ್ಟದ್ದು. ನಿಮ್ಮ ಕೈಯಲ್ಲೇ ಕೊಡ್ಬೇಕಂತೆ."

ಹೊರಗೆ ಒಳ್ಳೆಯ ಬಿಸಿಲು. ಹೊಳೆ ಅಷ್ಟೇನೂ ಇಲ್ಲ. ನಿನ್ನ ಮೊದಲ ಸಾಲು ಓದಿ ಗಂಟೆ ಹೊಡೆದೆ. ಮಕ್ಕಳು "ಟೀಚರ್, ಆಟ ಆಯ್ತಲ್ಲ!" ಅಂದವು. "ಇವತ್ತು ಎರಡು ಸಲ" ಅಂದೆ. ಶಮ್ನಾ ಮುಂದೆ, ನಾನು ಹಿಂದೆ, ಕಣ್ಣು ಮಾತ್ರ ಹೊಳೆಯ ಕಡೆಗೆ. ಮೇಲೆ ಜಗಲಿಯಲ್ಲಿ ತಲೆ ಎಣಿಸಿದೆ, ಮೂವತ್ತು. ಇನ್ನೊಮ್ಮೆ ಎಣಿಸಿದೆ, ಮೂವತ್ತು. ಯಾರಿಲ್ಲ ಅಂತ ನೋಡುವುದೇ ಬೇಕಾಗಲಿಲ್ಲ.

ಆ ಗುಡ್ಡೆ ಇಳಿದದ್ದು ನನಗೆ ನೆನಪಿಲ್ಲ. ತರಗತಿಯ ನಡುವೆ ಕುಳಿತು ಚಪ್ಪಲಿಯ ಪಟ್ಟಿ ಹಾಕಿಕೊಳ್ಳುತ್ತಿದ್ದಳು. ನೀರು ಇನ್ನೂ ಬಂದಿರಲೇ ಇಲ್ಲ, ಸಾತ್ವಿಕಾ. ನೆಲ ಒಣಗಿತ್ತು. ಆದರೂ ನಾನು ಅವಳನ್ನು ನೀರಿನಿಂದ ಎತ್ತುವ ಹಾಗೆ ಎತ್ತಿದೆ, ತಲೆಯ ಮೇಲೆ. "ಉಮ್ಮ, ಯಾಕೆ ಇಷ್ಟು ಮೇಲೆ?" ಅಂದಳು.

ಉಮ್ಮನನ್ನು ಹತ್ತಿಸಿದೆವು. ಆಮೇಲೆ ಕೇರಿಯ ಮನೆಮನೆಗೆ ಹೋಗಿ ಮೊಳೆ ಸುಳ್ಳು ಅಂತ ಹೇಳಿದೆ. ಶರೀಫಾಕ ನಂಬಲಿಲ್ಲ. "ನಿನ್ನ ಅಜ್ಜನ ಮೊಳೆಗೆ ಸುಳ್ಳು ಅಂತೀಯಾ?" ಅಂತ ಗದರಿದರು. ಉಮ್ಮ ಗುಡ್ಡೆಯ ಮೇಲಿನಿಂದಲೇ ಕೂಗಿದಳು, "ನಾನು ಏಳು ಮೆಟ್ಟಿಲು ನೀರು ಹೊತ್ತವಳು ಹೇಳ್ತೇನೆ, ಹತ್ತು!" ಹತ್ತಿದರು.

ನಾಲ್ಕೂವರೆಗೆ ಬಂತು, ಬಿಸಿಲಿನಲ್ಲಿ, ಸದ್ದಿಲ್ಲದೆ. ಐದೂವರೆಗೆ ಮೊಳೆ ಮುಳುಗಿತು. ಆಮೇಲೂ ಮೇಲಿನ ರಸ್ತೆಯಲ್ಲಿ ಯಾರೋ ಕೇಳುತ್ತಿದ್ದರು, "ಹಾಜಬ್ಬರ ಮೊಳೆಗೆ ಇನ್ನೆಷ್ಟು ಉಂಟಂತೆ?"

ಮೊನ್ನೆ ನೀರು ಇಳಿಯಿತು. ನಮ್ಮ ಮನೆಯಲ್ಲಿ ಚೊಕ್ಕ ಉಳಿದದ್ದು ಹಂಚು ಮಾತ್ರ, ದಾರಂದ ಕೆಸರು ಮೆತ್ತಿಕೊಂಡು ನಿಂತಿದೆ. ಶಾಲೆಯ ಹಳದಿ ಗೋಡೆಯಲ್ಲಿ ಕೆಸರಿನ ಗೆರೆ. ಟೇಪು ಹಿಡಿದೆ: ಎರಡು ಅಡಿ ಏಳು ಇಂಚು. ಅಜ್ಜನ ನೆರೆಗೆ ಇನ್ನೂ ಐದು ಇಂಚು ಬಾಕಿ ಇಟ್ಟು ಹೋಗಿದೆ. ಶಹಲಾಳನ್ನು ಗೋಡೆಗೆ ಒರಗಿಸಿ ನಿಲ್ಲಿಸಿದೆ. ನಿಲ್ಲಿಸಬಾರದಿತ್ತು. ಗೆರೆ ಅವಳ ಗಲ್ಲಕ್ಕೆ ಬಂತು.

ಅವಳು ಗೆರೆ ನೋಡಿದಳು, ನನ್ನ ಮುಖ ನೋಡಿದಳು. "ನಾನು ಸ್ವಲ್ಪ ಉದ್ದ ಆದ್ರೆ ಶಾಲೆ ಮತ್ತೆ ಶುರು ಮಾಡ್ತೀಯಾ?"

ನಿನ್ನೆ ಅಣ್ಣು ಆಚಾರ್ರು ಹೊಸ ತಾಮ್ರದ ಮೊಳೆ ಹಿಡಿದು ಬಂದರು. ಬಾಗಿಲಿಗೆ ಬೇಡ ಅಂದೆ. ಹೊಳೆಬದಿಯ ಪಾದೆಕಲ್ಲಿಗೆ, ಎರಡಾಳೆತ್ತರದ, ಯಾರೂ ಅಲ್ಲಾಡಿಸಲಾರದ ಬಂಡೆಗೆ, ಉಳಿಯಲ್ಲಿ ಎರಡು ಗೆರೆ ಕೊರೆಯಲು ಹೇಳಿದೆ, ಈ ವರ್ಷದ್ದು ಮತ್ತು ಅಜ್ಜನದು. "ನಾನು ಮರದವ, ಕಲ್ಲಿನವ ಅಲ್ಲ" ಅಂತ ಗೊಣಗುತ್ತಾ ಕೊರೆದರು. ಮಟ್ಟ ತೆಗೆಯಲು ನಿಮ್ಮ ಕಛೇರಿಯಿಂದ ಬೇರೆ ಯಾರನ್ನಾದರೂ ಕಳಿಸು, ನೀನು ಬೇಡ. ಪೈಪು ಹಿಡಿಯಲು ನಾನೂ ಬೇಡ.

ಮಕ್ಕಳು ನಾಳೆಯಿಂದ ಹೆದ್ದಾರಿ ದಾಟುತ್ತಾರೆ. ಹಗ್ಗ ನನ್ನಲ್ಲಿ ಉಂಟು, ಬೆಳಿಗ್ಗೆಯೂ ಸಂಜೆಯೂ ನಾನೇ ಹಿಡಿದು ದಾಟಿಸುತ್ತೇನೆ.

ವಿಚಾರಣೆಗೆ ನಿನ್ನನ್ನು ಕರೆಯುತ್ತಾರೆ, ನನ್ನನ್ನೂ ಕರೆಯುತ್ತಾರೆ. ಯಾರಿಗೆ ಯಾವಾಗ ಗೊತ್ತಿತ್ತು ಅಂತ ಕೇಳುತ್ತಾರೆ. ನನ್ನ ಪತ್ರಗಳನ್ನು ಒಲೆಗೆ ಹಾಕು ಅಂದಿದ್ದೆ. ಟ್ರಂಕಿನಲ್ಲಿದ್ದರೆ ತೆಗೆದು, ತಾರೀಕಿನ ಪ್ರಕಾರ ಜೋಡಿಸಿ, ಕಡತಕ್ಕೆ ಹಾಕು. ನಿನ್ನವು ಇದರ ಜೊತೆಗೆ ಉಂಟು. ಅಬ್ಬಾಸ್‌ನ ಕೈಯಲ್ಲಿ ಕಳಿಸುತ್ತಿದ್ದೇನೆ.

ನಿನ್ನ
ರಶೀನಾ